ಅಕ್ಕನ ಹತ್ರ ಕೇಳಿ: ಹಿತ್ತಿಲ ತೋಡಿಂದ ಅಳಿವೆವರೆಗೆ

ಕಳೆದ ತಿಂಗಳು ಈ ಕಾಲಂನ ಕೊನೆಗೆ "ಮಳೆ ಹಿಡಿಯುವ ಮೊದ್ಲು ಮನೆ ಹಿಂದಿನ ತೋಡಿಗೆ ಒಮ್ಮೆ ಇಣುಕಿ ಬನ್ನಿ" ಅಂತ ಒಂದೇ ಒಂದು ಸಾಲು ಬರ್ದಿದ್ದೆ, ತೋಡಿನ ಕಸ ಕಡೆಗೆ ಕಡಲಿಗೇ ಹೋಗುದಲ್ಲ ಅಂತ, ಅಷ್ಟಕ್ಕೇ ಒಟ್ರಾಶಿ ಕಾಗದ, ವಾಟ್ಸಾಪ್ ಮೆಸೇಜು ಬಂದು ಬಿದ್ದಿದೆ ಮಾರಾಯ್ರೆ. ಬೈದವರೂ ಇದ್ದಾರೆ, ಇರ್ಲಿ. ಎಲ್ಲದಕ್ಕೂ ಉತ್ತರ ಬರೆಯುವಷ್ಟು ಜಾಗ ಎಡಿಟರು ಕೊಡುದಿಲ್ಲ, ಹಾಗಾಗಿ ಒಂದೇ ತರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ. ಹೊಸಬರಿಗೆ ಗೊತ್ತಿರ್ಲಿ ಅಂತ ಹೇಳುದು, ನನ್ನ ತವರು ಮಲ್ಪೆ ಹತ್ರ, ಅಪ್ಪ ನಾಡದೋಣಿಯಲ್ಲಿ ಕಡಲಿಗೆ ಹೋಗ್ತಾ ಇದ್ದವರು, ಮದ್ವೆ ಆಗಿ ಬಂದದ್ದು ಮಂಗಳೂರಿಗೆ. ಹಾಗಾಗಿ ಎರಡೂ ಕಡೆಯವ್ರಿಂದ ಬೈಗುಳ ತಿನ್ನುವ ಅಭ್ಯಾಸ ಉಂಟು.

ಪ್ರಶ್ನೆ: ಅಕ್ಕಾ, ನಾವಿರುದು ಕದ್ರಿಯಲ್ಲಿ, ಐದನೇ ಮಾಳಿಗೆಯ ಫ್ಲಾಟು. ಕಡಲು ನೋಡ್ಬೇಕಾದ್ರೆ ಬಸ್ಸು ಹತ್ತಿ ಪಣಂಬೂರಿಗೆ ಹೋಗ್ಬೇಕು. ನಮ್ಮ ಕಸ ಕಸದ ಗಾಡಿಗೆ ಹೋಗ್ತದೆ. ಕಡಲಿಗೂ ನಮಗೂ ಎಂತ ಸಂಬಂಧ?
— ಗೃಹಿಣಿ, ಕದ್ರಿ

ಉತ್ತರ: ಸಂಬಂಧ ಉಂಟು, ನೀವು ಗ್ರಹಿಸಿದಷ್ಟು ದೂರದ್ದೂ ಅಲ್ಲ. ಮಂಗಳೂರಿನ ಮ್ಯಾಪು ಒಮ್ಮೆ ತೆಗ್ದು ನೋಡಿ, ತೆಂಕಕ್ಕೆ ನೇತ್ರಾವತಿ, ಬಡಗಕ್ಕೆ ಗುರುಪುರ ಹೊಳೆ, ಫಲ್ಗುಣಿ ಅಂತಲೂ ಹೇಳ್ತಾರೆ, ಇವೆರಡರ ಮಧ್ಯೆ ಗುಡ್ಡೆ ಗುಡ್ಡೆಯಾಗಿ ನಮ್ಮ ಪೇಟೆ, ಕಡೆಗೆ ಎರಡೂ ಹೊಳೆ ಬೆಂಗ್ರೆಯ ತುದಿಯಲ್ಲಿ ಒಂದೇ ಅಳಿವೆಯಿಂದ ಕಡಲು ಸೇರುದು. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ, ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರಿನ ಒಳಗೆ. ಅಂದ್ರೆ ಎಂಟು ತಿಂಗಳು ಮೋರಿಯಲ್ಲಿ, ಖಾಲಿ ಸೈಟಲ್ಲಿ, ಕಂಪೌಂಡಿನ ಮೂಲೆಯಲ್ಲಿ ಕೂತ ಕಸಕ್ಕೆ ಒಂದೇ ದಿನ ಬಸ್ಸು ಬರುದು, ಅದು ಟಿಕೆಟಿಲ್ಲದ ಬಸ್ಸು, ಬೆಳಿಗ್ಗೆ ಗುಡ್ಡೆಯಿಂದ ಹೊರಟ್ರೆ ಸಂಜೆ ಒಳಗೆ ಹೊಳೆ.

ಈ ಸಲ ಮೊದಲ ದೊಡ್ಡ ಮಳೆಯ ದಿನ ನಾನು ಕೊಡೆ ಹಿಡ್ಕೊಂಡು ನಮ್ಮ ಹಿತ್ತಿಲ ತೋಡಿನ ಸಂಕದ ಮೇಲೆ ಕಾಲು ಗಂಟೆ ನಿಂತೆ, ಪಕ್ಕದ ಮನೆಯವ್ರು ಇವ್ಳಿಗೆ ಎಂತಾಯ್ತು ಅಂತ ಕಿಟಕಿಯಿಂದ ನೋಡ್ತಾ ಇದ್ರು. ಮೊದ್ಲು ಬಂದದ್ದು ನೊರೆ. ಮತ್ತೆ ಹಲಸಿನ ಒಣಗಿದ ಎಲೆ, ಅದರ ಹಿಂದೆ ಹಾಲಿನ ಪ್ಯಾಕೆಟು, ಗುಟ್ಕಾದ್ದು, ಶ್ಯಾಂಪೂವಿನದ್ದು, ಥರ್ಮಾಕೋಲಿನ ತುಂಡು, ಒಂದು ಕಾಲಿನ ಹವಾಯಿ ಚಪ್ಪಲಿ. ಯಾವುದೋ ಮದ್ವೆ ಹಾಲಿನ ಪೇಪರ್ ಗ್ಲಾಸುಗಳು ಒಂದರೊಳಗೆ ಒಂದು ಕೂತು ಉದ್ದಕ್ಕೆ ಕೇರೆ ಹಾವಿನ ಹಾಗೆ ತೇಲಿ ಹೋದವು. ಪೇಪರ್ ಗ್ಲಾಸು ಅಂದ್ಕೊಂಡು ಸಮಾಧಾನ ಮಾಡ್ಕೊಳ್ಳುದು ಬೇಡ, ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರ್ತದೆ, ಇಲ್ಲಾಂದ್ರೆ ಬಿಸಿ ಚಾಯ ನಿಮ್ಮ ಮಡಿಲಿಗೇ.

ಇನ್ನು ಕಸದ ಗಾಡಿ ತಕೊಂಡು ಹೋಯ್ತಲ್ಲ ಅಂತ ನೀವು ಹೇಳಿದ್ದು. ಗಾಡಿ ತಕೊಂಡು ಹೋದದ್ದು ಮಾಯ ಆಗುದಿಲ್ಲ, ಒಂದು ಕಡೆ ರಾಶಿ ಬೀಳ್ತದೆ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡೆಯೇ ಜಾರಿ ಮಂದಾರದಲ್ಲಿ ಮನೆ, ನಾಗಬನ, ಅಡಕೆ ತೋಟದ ಮೇಲೆ ಬಂದು ಕೂತದ್ದು ಮಂಗಳೂರಿನವ್ರಿಗೆ ಮರೆತಿರ್ಲಿಕ್ಕಿಲ್ಲ. ಹಸಿ ಕಸ ಮನೆಯಲ್ಲೇ ಮುಗಿಸಿದ್ರೆ ಆ ರಾಶಿಗೆ ಹೋಗುವ ಭಾರವೂ ಕಮ್ಮಿ, ಅದರಿಂದ ಸೋರುವ ಕಪ್ಪು ನೀರೂ ಕಮ್ಮಿ. ಫ್ಲಾಟಲ್ಲಿ ಆಗುದಿಲ್ಲ ಅಂತ ಹೇಳ್ಬೇಡಿ, ಬಾಲ್ಕನಿಯಲ್ಲಿ ಎರಡು ಬಕೆಟು, ಅಡಿಗೆ ತೂತು, ಒಣ ತರಗೆಲೆ, ಸ್ವಲ್ಪ ಹುಳಿ ಮಜ್ಜಿಗೆ, ಅಷ್ಟೇ. ನಮ್ಮಲ್ಲಿ ಮಳೆಗಾಲದಲ್ಲಿ ಅದು ಕೆಸರಾಗ್ತದೆ, ಹಾಗಾಗಿ ತರಗೆಲೆಯನ್ನು ಮೇ ತಿಂಗಳಲ್ಲೇ ಒಂದು ಗೋಣಿ ತುಂಬಿಸಿ ಇಡ್ಬೇಕು, ಇದನ್ನು ಯಾರೂ ಹೇಳಿಕೊಡುದಿಲ್ಲ, ಮೂರು ಸಲ ಹುಳ ಆಗಿ ಗಂಡನ ಕೈಯಿಂದ ಕೇಳಿಸ್ಕೊಂಡ ಮೇಲೆ ನನಗೆ ಗೊತ್ತಾದದ್ದು.

ಇನ್ನೊಂದು ಸಣ್ಣ ವಿಷಯ. ಹಾಲಿನ ಪ್ಯಾಕೆಟಿನ ಮೂಲೆ ಪೂರ್ತಿ ಕತ್ತರಿಸಿ ತೆಗೀಬೇಡಿ. ಉಗುರಷ್ಟು ದೊಡ್ಡ ಆ ತ್ರಿಕೋನವನ್ನು ಯಾವ ಗುಜರಿಯವನೂ ಹೆಕ್ಕುದಿಲ್ಲ, ಪಾತ್ರೆ ತೊಳೆಯುವ ಸಿಂಕಿಂದ ಸೀದಾ ಮೋರಿಗೆ. ಅರ್ಧ ಮಾತ್ರ ಕತ್ತರಿಸಿ, ಮೂಲೆ ಪ್ಯಾಕೆಟಿಗೇ ಜೋತಾಡ್ಲಿ. ಮತ್ತೆ ಗೋಳಿಬಜೆ ಕರಿದ ಎಣ್ಣೆ ಸಿಂಕಿಗೆ ಹೊಯ್ಬೇಡಿ, ಬಾಣಲೆಯನ್ನು ಹಳೆ ಪೇಪರಲ್ಲಿ ಒರೆಸಿ ಆಮೇಲೆ ತೊಳೀರಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಹೊರಗೆ ಹೋಗುದೇ ಇಲ್ಲ. ಅತ್ತೆಯವರು ಎಲ್ಲಾ ತೊಟ್ಟೆಯನ್ನೂ ಬಚ್ಚಲ ಒಲೆಗೆ ಹಾಕಿ ಬಿಸಿನೀರು ಕಾಯಿಸ್ತಾರೆ. ಇದು ಒಳ್ಳೇದಲ್ವಾ?
— ಓದುಗಿ, ಕೋಟ

ಉತ್ತರ: ಒಳ್ಳೇದಲ್ಲ. ಹೊಗೆ ಮೊದಲು ಹೋಗುದು ಅತ್ತೆಯವರ ಎದೆಗೇ, ಕಡಲಿನ ಮಾತು ಆಮೇಲೆ. ಒಲೆಯ ಬೆಂಕಿ ಅಷ್ಟು ಜೋರಿರುದಿಲ್ಲ, ತೊಟ್ಟೆ ಅರೆಬರೆ ಸುಡ್ತದೆ, ಪಿವಿಸಿ ತರದ್ದು ಸೇರಿದ್ರೆ ಡಯಾಕ್ಸಿನ್ ಅಂತ ವಿಷವೇ ಬರ್ತದೆ. ಉಳಿದ ಬೂದಿ ಎಲ್ಲಿಗೆ? ತೆಂಗಿನ ಬುಡಕ್ಕೆ. ಅಲ್ಲಿಂದ ಮಳೆ ನೀರಲ್ಲಿ ಬಾವಿಗೆ, ತೋಡಿಗೆ. ಒಲೆಗೆ ಮಡಲು ಉಂಟು, ಕೊತ್ತಳಿಗೆ ಉಂಟು, ಸಿಪ್ಪೆ ಉಂಟು, ಕೋಟದಲ್ಲಿ ತೆಂಗಿಗೆ ಎಂತ ಬರಗಾಲ ಮಾರಾಯ್ತಿ!

ತೊಟ್ಟೆಯನ್ನು ತೊಳೆದು ಬಟ್ಟೆ ಒಣಗಿಸುವ ಸರಿಗೆಗೆ ಸಿಕ್ಕಿಸಿ, ಒಣಗಿದ ಮೇಲೆ ಒಂದು ಚೀಲದಲ್ಲಿ ತುಂಬಿಸಿ ಪಂಚಾಯತಿನ ಒಣ ಕಸದವ್ರಿಗೆ ಕೊಡಿ. ಉಡುಪಿ ಜಿಲ್ಲೆಯವ್ರು ಈ ವಿಷಯದಲ್ಲಿ ಹಿಂದೆ ಇಲ್ಲ, ನಿಮ್ಮ ಆಚೆಯ ವಂಡ್ಸೆ ಪಂಚಾಯತು ಕಸ ವಿಂಗಡಣೆ ಮಾಡಿಯೇ ಹೆಸರು ಮಾಡಿದ್ದು, ನಿಟ್ಟೆಯಲ್ಲಿ ಹಳ್ಳಿಗಳ ಒಣ ಕಸಕ್ಕೆ ಅಂತಲೇ ಎಂಆರ್‌ಎಫ್, ಅಂದ್ರೆ ಕಸ ವಿಂಗಡಿಸುವ ಘಟಕ ಉಂಟು. ಆದ್ರೆ ಕೊಳೆತ ಸಾಂಬಾರು ಮೆತ್ತಿದ ತೊಟ್ಟೆ ಅಲ್ಲಿ ಕೆಲ್ಸ ಮಾಡುವ ಹೆಂಗಸ್ರ ಕೈಗೆ ಕೊಡುದು ಮರ್ಯಾದೆ ಅಲ್ಲ, ತೊಳೆದೇ ಕೊಡ್ಬೇಕು. ಅತ್ತೆಯವ್ರಿಗೆ ಹೇಳುದು ಹೇಗೆ ಅಂತ ಕೇಳಿದ್ರೆ ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ನನ್ನ ಅತ್ತೆಗೇ ನಾನು ಹೇಳಿ ಗೆದ್ದವಳಲ್ಲ. ಒಲೆ ಹತ್ರ ಮಡಲು ಕಡಿದು ಅಟ್ಟಿ ಮಾಡಿ ಇಡ್ಲಿಕ್ಕೆ ಶುರು ಮಾಡಿದೆ, ಕೈಗೆ ಸಿಕ್ಕಿದ್ದನ್ನೇ ಅವ್ರು ಒಲೆಗೆ ಹಾಕ್ತಿದ್ದದ್ದು, ಹಾಗೇ ನಿಂತಿತು.

ಪ್ರಶ್ನೆ: ಮಾರ್ಕೆಟಲ್ಲಿ ಸಣ್ಣ ಸಣ್ಣ ಬಂಗುಡೆ ಕಡಿಮೆಗೆ ಸಿಗ್ತದೆ, ನಮಗೆ ದೊಡ್ಡದು ಕೈಗೆಟುಕುದಿಲ್ಲ. ಮರಿ ಮೀನು ತಿನ್ಬಾರ್ದು ಅಂತ ಮಗಳು ಕಾಲೇಜಿಂದ ಬಂದು ಹೇಳ್ತಾಳೆ. ಮತ್ತೆ ಈಗ ಬ್ಯಾನ್ ಟೈಮು, ಮೀನು ತಿನ್ನುದೇ ತಪ್ಪಾ?
— ಅಮ್ಮ, ಬೋಳಾರ

ಉತ್ತರ: ತಿನ್ನುದು ತಪ್ಪಲ್ಲ, ಮಗಳು ಹೇಳುದೂ ಸುಳ್ಳಲ್ಲ. ನಮ್ಮ ಪಡುಗಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲ ತುಂಬಾ ಮೀನುಗಳು ಮೊಟ್ಟೆ ಇಡುವ ಸಮಯ, ಕಡಲೂ ಒರಟು. ನಾಡದೋಣಿಯವ್ರಿಗೆ ಈ ಹೊತ್ತಲ್ಲೂ ಹೋಗ್ಲಿಕ್ಕೆ ಅವಕಾಶ ಉಂಟು, ಕಡಲು ಬಿಟ್ರೆ. ಮೂಡುಗಡಲಿನ ಬ್ಯಾನು ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅಂದ್ರೆ ನಮ್ಮಲ್ಲಿ ಬಾಗ್ಲು ಹಾಕಿರುವಾಗ ಅಲ್ಲಿ ತೆರೀತದೆ. ಹಾಗಾಗಿ ಜೂನ್ ಕೊನೆಗೆ ಮಾರ್ಕೆಟಲ್ಲಿ ಕಾಣುದು ಒಂದೋ ನಾಡದೋಣಿಯ ತಾಜಾ ಮೀನು, ಇಲ್ಲಾ ಲಾರಿಯಲ್ಲಿ ಐಸು ಹಾಕಿ ಬಂದ ಹೊರಗಿನ ಮೀನು. ಮೀನಿನ ಅಕ್ಕನ ಹತ್ರ "ಇದು ಎಲ್ಲಿದ್ದು?" ಅಂತ ಕೇಳಿ. ಖಾಯಂ ಗಿರಾಕಿಗೆ ಅವ್ರು ಸುಳ್ಳು ಹೇಳುದು ಕಮ್ಮಿ. ದೋಣಿಯ ಮೀನು ಆದ್ರೆ ಹತ್ತು ರೂಪಾಯಿಗೆ ಚೌಕಾಶಿ ಮಾಡ್ಲಿಕ್ಕೆ ಹೋಗ್ಬೇಡಿ, ಆ ಅಲೆಯಲ್ಲಿ ದೋಣಿ ದೂಡುದು ಹೇಗೆ ಅಂತ ನೋಡಿದವಳು ನಾನು, ಅಪ್ಪ ವಾಪಸ್ ಬರುವವರೆಗೆ ಅಮ್ಮ ಅನ್ನಕ್ಕೆ ಅಕ್ಕಿ ಹಾಕ್ತಾ ಇರ್ಲಿಲ್ಲ.

ಈಗ ಸಣ್ಣ ಮೀನಿನ ವಿಷಯ. ಬೂತಾಯಿ (ಸಾರ್ಡೀನ್), ಕೊಲ್ಲತರು ತರದ್ದು ಹುಟ್ಟಾ ಸಣ್ಣವೇ, ಅವು ಸಣ್ಣ ಇದ್ದದ್ದಕ್ಕೆ ತಪ್ಪಿಲ್ಲ. ಬಂಗುಡೆ, ಅಂಜಲ್ ಸಣ್ಣ ಇದ್ರೆ ಅದು ಮರಿ. ಕೇರಳದಲ್ಲಿ 2015ರಲ್ಲೇ 14 ಜಾತಿಗೆ ಇಂತಿಷ್ಟು ಉದ್ದಕ್ಕಿಂತ ಕಮ್ಮಿದ್ದು ಹಿಡೀಬಾರ್ದು ಅಂತ ಮಾಡಿದ್ರು, ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10. ಮಾರ್ಕೆಟಿಗೆ ಸ್ಕೇಲು ತಕೊಂಡು ಹೋಗುದು ಬೇಡ, ಕೈ ಉಂಟಲ್ಲ. ಮಣಿಕಟ್ಟಿಂದ ನಡುಬೆರಳ ತುದಿವರೆಗೆ ದೊಡ್ಡವರ ಕೈ ಅಂದಾಜು 17, 18 ಸೆಂಟಿಮೀಟರ್ ಬರ್ತದೆ, ಬಂಗುಡೆ ಅದರ ಪಕ್ಕ ಇಟ್ಟಾಗ ನಡುಬೆರಳ ತುದಿ ಬದಿಯ ಮೊದಲ ಗೆಣ್ಣೂ ಮುಟ್ಟದಿದ್ರೆ ಬಿಟ್ಟುಬಿಡಿ, ಆ ದುಡ್ಡಿಗೆ ಬೂತಾಯಿ ತಕೊಳ್ಳಿ. ಪುಳಿಮುಂಚಿಗೆ ಬೂತಾಯಿಯೇ ಸಮ, ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರ್ಬೇಡಿ.

ಆದ್ರೆ ಮಗಳಿಗೆ ಇದೊಂದು ಹೇಳಿ, ಮರಿ ಮೀನು ಖಾಲಿ ಆಗುದು ನಿಮ್ಮ ಒಂದು ಪಾಲು ಮೀನಿಂದ ಅಲ್ಲ. ಸಣ್ಣ ಕಣ್ಣಿನ ಬಲೆಯಲ್ಲಿ ಬಂದ ಮರಿಗಳ ರಾಶಿ ಫಿಶ್‌ಮೀಲ್ ಮಿಲ್ಲಿಗೆ ಹೋಗ್ತದೆ, ಎಣ್ಣೆ, ಹಿಟ್ಟು ಆಗ್ತದೆ. ರಾತ್ರಿ ಲೈಟು ಹಾಕಿ ಮೀನು ಸೆಳೆದು ಹಿಡಿಯುದಕ್ಕೆ ಕೇಂದ್ರ ಸರಕಾರ 2017ರಲ್ಲೇ ನಿಷೇಧ ಮಾಡಿದೆ, ಅದಾದ ಮೇಲೂ ಅದಕ್ಕಾಗಿ ನಾಡದೋಣಿಯವ್ರಿಗೂ ಬೋಟಿನವ್ರಿಗೂ ಜಟಾಪಟಿ ನಿಂತಿಲ್ಲ. ಅದರ ಮೇಲೆ ಕಡಲಿನದ್ದೇ ಲೆಕ್ಕಾಚಾರ ಬೇರೆ ಉಂಟು: ಮಳೆಗಾಲದ ಗಾಳಿಗೆ ಅಡಿಯ ತಂಪು ನೀರು ಮೇಲೆ ಬಂದು ಪಾಚಿ ಹೆಚ್ಚಾದ ವರ್ಷ ಬೂತಾಯಿ ಸುರಿದು ಬೀಳ್ತದೆ, ನೀರು ಬಿಸಿಯಾದ ವರ್ಷ ಪತ್ತೆಯೇ ಇರುದಿಲ್ಲ. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ ಹತ್ತಿರ ಸಿಕ್ಕಿದ ಬೂತಾಯಿ 2021ಕ್ಕೆ 3,300 ಟನ್ ಆಸುಪಾಸಿಗೆ ಇಳಿದಿತ್ತು. ಅಷ್ಟು ಕಮ್ಮಿ ಆದ ಮೀನಿನ ಮರಿಯನ್ನೂ ಹಿಟ್ಟು ಮಾಡಿದ್ರೆ ಮತ್ತೆ ಎದ್ದು ಬರುದು ಎಲ್ಲಿಂದ.

ಹೋಗುವಾಗ ಒಂದು ಸ್ಟೀಲ್ ಡಬ್ಬಿ ಹಿಡ್ಕೊಂಡು ಹೋಗಿ. ಮೊದ್ಲೆಲ್ಲ ತೇಗದ ಎಲೆಯಲ್ಲಿ ಮೀನು ಕಟ್ಟಿಕೊಡ್ತಿದ್ರು, ಎಲೆಯ ಕೆಂಪು ಬಣ್ಣ ಕೈಗೆ ಹಿಡೀತಿತ್ತು, ಸೋಪು ಹಾಕಿದ್ರೂ ಹೋಗ್ತಿರ್ಲಿಲ್ಲ. ಈಗ ಕಪ್ಪು ತೊಟ್ಟೆ. ಮಲ್ಲಿಗೆಯ ಅಟ್ಟೆ ಇವತ್ತಿಗೂ ಬಾಳೆ ಎಲೆಯಲ್ಲಿ ಬರ್ತದೆ, ಮೀನಿಗೆ ಮಾತ್ರ ಎಂತಕ್ಕೆ ತೊಟ್ಟೆ ಬೇಕು ಅಂತ ನನಗೆ ಅರ್ಥ ಆಗುದಿಲ್ಲ.

ಪ್ರಶ್ನೆ: ನೂಲ ಹುಣ್ಣಿಮೆ ದಿನ ಸಮುದ್ರ ಪೂಜೆಗೆ ನಾವೂ ಹೋಗ್ತೇವೆ. ಹಾಲೆರೆಯುದರಿಂದ ಕಡಲು ಹಾಳಾಗ್ತದಾ?
— ಯುವಕ ಸಂಘದ ಒಬ್ರು, ಬ್ರಹ್ಮಾವರ

ಉತ್ತರ: ಹಾಲಿಂದ ಎಂತದ್ದೂ ಆಗುದಿಲ್ಲ. ಹಾಲೆರೆದು ಪ್ಯಾಕೆಟನ್ನೂ ಅಲ್ಲೇ ಬಿಡ್ತಾರಲ್ಲ, ಅದರಿಂದ ಆಗ್ತದೆ. ಊರಿನ ಹಿರಿಯರು ಹಾಲು ತರ್ತಿದ್ದದ್ದು ಗಿಂಡಿಯಲ್ಲಿ. ತೆಂಗಿನಕಾಯಿ, ಹೂ ಬಿಡಿ, ಕಡಲಿಗೆ ಅಭ್ಯಾಸ ಉಂಟು, ಪ್ಲಾಸ್ಟಿಕ್ ಹಾರ ಮತ್ತೆ ಮಿಂಚು ಹಾಳೆ ಬೇಡ.

ಪ್ರಶ್ನೆ: ಪೇಪರಲ್ಲಿ ಯಾವಾಗ ನೋಡಿದ್ರೂ ಮನೆಯವ್ರಿಗೆ, ಟೂರಿಸ್ಟುಗಳಿಗೆ ಉಪದೇಶ. ನಮ್ಮ ಬೋಟಿನಲ್ಲೇ ಎಷ್ಟು ಕಸ ಕಡಲಿಗೆ ಬೀಳ್ತದೆ ಅಂತ ಯಾರಿಗೂ ಗೊತ್ತಿಲ್ಲ. ಹೇಳಿದ್ರೆ ನಮ್ಮವ್ರೇ ಬೈತಾರೆ. ಎಂತ ಮಾಡುದು?
— ಬೋಟಿಗೆ ಹೋಗುವ ಹುಡುಗ, ಮಲ್ಪೆ

ಉತ್ತರ: ತಮ್ಮಾ, ಈ ತಿಂಗಳ ಕಾಗದಗಳಲ್ಲಿ ನಿನ್ನದೇ ಮೇಲೆ. ನಮ್ಮ ಮನೆಯ ಮಾತು ಅಂತ ನಾನೂ ಇಷ್ಟು ವರ್ಷ ಬಾಯಿ ಮುಚ್ಚಿ ಕೂತದ್ದು.

ನನ್ನ ಅಜ್ಜನ ಕಾಲದಲ್ಲಿ ಬಲೆ ಹತ್ತಿ ನೂಲಿದ್ದು, ಮರದ ತೊಗಟೆ ಬೇಯಿಸಿದ ಚೊಗರಲ್ಲಿ ಅದ್ದಿ ಒಣಗಿಸ್ತಿದ್ರು, ಇಲ್ಲಾಂದ್ರೆ ಕೊಳೀತಿತ್ತು. ಅದು ದೊಡ್ಡ ತಲೆಬಿಸಿ, ವಾರಕ್ಕೊಮ್ಮೆ ಇಡೀ ಮನೆಗೆ ಮನೆಯೇ ಬಲೆ ಒಣಗಿಸುವ ಕೆಲ್ಸದಲ್ಲಿ. ನೈಲಾನ್ ಬಂದಾಗ ಎಲ್ರಿಗೂ ಹಬ್ಬ ಆಗಿತ್ತಂತೆ. ಆದ್ರೆ ಕೊಳೆಯದ ಬಲೆ ಕಲ್ಲಿಗೆ ಸಿಕ್ಕಿ ಹರಿದು ತಳದಲ್ಲಿ ಉಳಿದ್ರೆ ಹಿಡಿಯುವವ ಇಲ್ಲದೇ ಮೀನು ಹಿಡೀತಾ ಇರ್ತದೆ, ಏಡಿ ಸಿಕ್ಕಿ ಸಾಯ್ತದೆ, ಅದನ್ನು ತಿನ್ಲಿಕ್ಕೆ ಬಂದ ಮೀನು ಸಿಕ್ಕಿ ಸಾಯ್ತದೆ, ಆಮೆಯೂ ಸಿಗ್ತದೆ. ನಿನಗೆ ನಾನು ಹೇಳುದು ಎಂತ, ಬಲೆ ಎಳೆಯುವಾಗ ಬಂದ ಹಳೇ ಬಲೆಯ ಗಂಟನ್ನು ವಾಪಸ್ ಕಡಲಿಗೇ ಎಸೆಯುದನ್ನು ನೀನೇ ನೋಡಿರ್ತಿ.

ಕೇರಳದ ಕೊಲ್ಲಂನ ನೀಂಡಕರ ಬಂದರಲ್ಲಿ 2017ರಲ್ಲಿ "ಶುಚಿತ್ವ ಸಾಗರಂ" ಅಂತ ಒಂದು ಕೆಲ್ಸ ಶುರುವಾಯ್ತು. ಬೋಟಿನವ್ರಿಗೆ ಚೀಲ ಕೊಟ್ರು, ಬಲೆಯಲ್ಲಿ ಬಂದ ಪ್ಲಾಸ್ಟಿಕನ್ನು ಕಡಲಿಗೆ ಬಿಸಾಡದೆ ಚೀಲದಲ್ಲಿ ತಂದು ಬಂದರಲ್ಲಿ ಕೊಡ್ಬೇಕು, ಅಲ್ಲಿ ಹೆಂಗಸ್ರು ತೊಳೆದು ವಿಂಗಡಿಸಿ ಪುಡಿ ಮಾಡ್ತಾರೆ, ಪುಡಿ ರಸ್ತೆಯ ಡಾಂಬರಿಗೆ ಹೋಗ್ತದೆ. ದೊಡ್ಡ ವಿಜ್ಞಾನ ಎಂತದ್ದೂ ಇಲ್ಲ ಇದ್ರಲ್ಲಿ, ಚೀಲ ಉಂಟು ಮತ್ತೆ ದಡದಲ್ಲಿ ತಕೊಳ್ಳುವವ್ರು ಇದ್ದಾರೆ ಅಷ್ಟೇ. ನೀನು ಭಾಷಣ ಮಾಡ್ಬೇಡ, ಬ್ಯಾನು ಮುಗಿದು ಆಗಸ್ಟಲ್ಲಿ ಬೋಟು ಇಳಿಯುವಾಗ ಎರಡು ಅಕ್ಕಿ ಗೋಣಿ ತಕೊಂಡು ಹೋಗಿ ಕ್ಯಾಬಿನ್ ಪಕ್ಕ ಕಟ್ಟು. ಒಂದು ನೀರಿನ ಬಾಟ್ಲಿ, ಬಿಸ್ಕೆಟ್ ಕವರಿಗೆ, ಇನ್ನೊಂದು ಬಲೆ ತುಂಡಿಗೆ. ಮೊದಲ ಟ್ರಿಪ್ಪಲ್ಲಿ ನಗ್ತಾರೆ, ಎರಡನೇದ್ರಲ್ಲಿ ಅವ್ರೇ ಹಾಕ್ತಾರೆ, ಎಂತಕ್ಕಂದ್ರೆ ಬಾಟ್ಲಿಗೆ ಗುಜರಿಯಲ್ಲಿ ದುಡ್ಡು ಬರ್ತದೆ. ಆ ದುಡ್ಡಲ್ಲಿ ಚಾಯ ಕುಡೀರಿ. ಇಂಜಿನ್ ಆಯಿಲ್ ಬದಲಾಯಿಸುವಾಗ ಹಳೇದನ್ನು ಕ್ಯಾನಿಗೆ, ಧಕ್ಕೆಯ ನೀರಿಗೆ ಅಲ್ಲ. ಬೋಟು ನಡೆಸುವ ತಾಂಡೇಲನಿಗೆ ನೀನು ಹೇಳ್ಲಿಕ್ಕೆ ಆಗುದಿಲ್ಲ ಅಂದ್ರೆ ಈ ಪೇಜು ಹರಿದು ಕ್ಯಾಬಿನಲ್ಲಿ ಇಡು.

ಪ್ರಶ್ನೆ: ಎರಡು ವರ್ಷದಲ್ಲಿ ನಮ್ಮ ಏಳು ತೆಂಗಿನ ಮರ ಕಡಲಿಗೆ ಹೋಯ್ತು. ಈಗ ಅಲೆ ಅಡಿಗೆಕೋಣೆಯ ಗೋಡೆಗೆ ಬಡೀತದೆ. ಪ್ರತಿ ವರ್ಷ ಕಲ್ಲು ತಂದು ಹಾಕ್ತಾರೆ, ಮುಂದಿನ ವರ್ಷ ಕಲ್ಲೇ ಕಾಣುದಿಲ್ಲ. ನೀವು ತೊಟ್ಟೆ, ಪ್ಯಾಕೆಟು ಅಂತ ಬರೀತೀರಿ. ನಮ್ಮ ಮನೆ ಉಳೀತದಾ?
— ಹೆಸರು ಬೇಡ, ಉಳ್ಳಾಲ

ಉತ್ತರ: ನಿಮಗೆ ಸುಳ್ಳು ಹೇಳುದಿಲ್ಲ. ಹಾಲಿನ ಪ್ಯಾಕೆಟು ತೊಳೆದು ಒಣಗಿಸಿದ್ರೆ ಕಡಲ್ಕೊರೆತ ನಿಲ್ಲುದಿಲ್ಲ. ನಿಮ್ಮ ಕಾಗದ ಓದಿ ಎರಡು ದಿನ ಇದಕ್ಕೆ ಎಂತ ಬರೆಯುದು ಅಂತ ಗೊತ್ತಾಗ್ಲಿಲ್ಲ.

ದಡ ಅಂದ್ರೆ ಹೊಯ್ಗೆ, ಮರಳು. ಮಳೆಗಾಲದ ಅಲೆ ಹೊಯ್ಗೆಯನ್ನು ಒಳಗೆ ಎಳ್ಕೊಳ್ತದೆ, ಮಳೆ ಬಿಟ್ಟ ಮೇಲೆ ಸಣ್ಣ ಅಲೆಗಳು ಅದನ್ನೇ ವಾಪಸ್ ತಂದು ಹಾಕ್ತವೆ, ಇದು ಮೊದಲಿಂದಲೂ ಇದ್ದ ವ್ಯವಹಾರ. ಕಳೆದುಹೋದ ಚೂರನ್ನು ತುಂಬಿಸ್ತಾ ಇದ್ದದ್ದು ಹೊಳೆ. ಈಗ ಹೊಳೆಯಲ್ಲಿ ಅಣೆಕಟ್ಟು ಉಂಟು, ಅದಕ್ಕಿಂತ ಹೆಚ್ಚು ಹೊಳೆಯ ಹೊಯ್ಗೆಯನ್ನೇ ತೆಗ್ದು ಲಾರಿಯಲ್ಲಿ ಕಳಿಸಿ ಮನೆ ಕಟ್ತೇವೆ. ಕಡಲು ಕೇಳುವ ಹೊಯ್ಗೆ ನಮ್ಮ ಗೋಡೆಯಲ್ಲಿ ಉಂಟು. ಹೊಯ್ಗೆ ದಡದ ಉದ್ದಕ್ಕೂ ಸರೀತಾ ಇರ್ತದೆ, ಒಂದು ಕಡೆ ಕಲ್ಲಿನ ಗೋಡೆಯೋ ಬ್ರೇಕ್‌ವಾಟರೋ ಬಂದ್ರೆ ಅದರ ಒಂದು ಬದಿಗೆ ಹೊಯ್ಗೆ ತುಂಬ್ತದೆ, ಇನ್ನೊಂದು ಬದಿಯವನ ಮನೆ ಹೋಗ್ತದೆ. ಬರೀ ಕಲ್ಲು ಸುರಿದ್ರೆ ಅಲೆ ಅದಕ್ಕೆ ಬಡಿದು ಬುಡದ ಹೊಯ್ಗೆಯನ್ನೇ ಕೆರೀತದೆ, ಕಲ್ಲು ಕೂತು ಹೋಗುದು ಅದಕ್ಕೇ. ಎಡಿಬಿ, ಅಂದ್ರೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಉಳ್ಳಾಲದಲ್ಲಿ ಕಡಲೊಳಗೆ ರೀಫು (ನೀರಡಿಯ ದಿಬ್ಬ), ದಡದಲ್ಲಿ ಬರ್ಮು (ಕಲ್ಲಿನ ದಿಣ್ಣೆ) ಕಟ್ಟಿದ್ದು ನಿಮಗೆ ನನಗಿಂತ ಜಾಸ್ತಿ ಗೊತ್ತು. ಆಚೆ ಸೋಮೇಶ್ವರ, ಉಚ್ಚಿಲದವ್ರ ಕೂಗೂ ನಿಂತಿಲ್ಲ.

ಹಾಗಾದ್ರೆ ದಿನನಿತ್ಯ ಮಾಡುವಂತದ್ದು ಎಂತದ್ದೂ ಇಲ್ವಾ ಅಂದ್ರೆ, ಉಂಟು, ಆದ್ರೆ ಅದು ಹೆಚ್ಚಿನದ್ದು ನಿಮ್ಮದಲ್ಲ, ಪೇಟೆಯವ್ರದ್ದು. ಹೊಸ ಮನೆ ಕಟ್ಟುವವ್ರು ಹೊಳೆ ಹೊಯ್ಗೆಯೇ ಬೇಕು ಅಂತ ಹಠ ಹಿಡಿಯದೆ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡಲ್ಲಿ ಕಟ್ಟಿದ್ರೆ ನಿಮ್ಮ ದಡಕ್ಕೆ ಸ್ವಲ್ಪ ಹೊಯ್ಗೆ ಉಳೀತದೆ. ಬೀಚಿಗೆ ಬಂದವ್ರು ಹೊಯ್ಗೆ ಮೇಲೆ ಜೀಪು, ಬೈಕು ಓಡಿಸ್ಬಾರ್ದು. ದಡದಲ್ಲಿ ಆಡಿನ ಗೊರಸಿನ ಹಾಗೆ ಎಲೆ, ನೇರಳೆ ಹೂ ಬಿಡುವ ಬಳ್ಳಿ ಹಬ್ಬಿರ್ತದಲ್ಲ, ಅಡಂಬು ಬಳ್ಳಿ ಅಂತ ಹೇಳ್ತಾರೆ, ಅದರ ಬೇರೇ ಹೊಯ್ಗೆಯನ್ನು ಹಿಡ್ಕೊಂಡು ದಿಬ್ಬ ಮಾಡುದು, ಅದನ್ನು ಕಳೆ ಅಂತ ಕಿತ್ತು ಇಂಟರ್‌ಲಾಕ್ ಹಾಕ್ತಾರೆ, ತಲೆ ಕೆಟ್ಟವ್ರು. ಹಿನ್ನೀರಿನ ಬದಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಡಿಯುದೂ ಹಾಗೇ, ಅದು ಸಿಗಡಿಗೆ, ಏಡಿಗೆ, ಎಷ್ಟೋ ಮೀನಿನ ಮರಿಗೆ ತೊಟ್ಟಿಲು, ನಿಮಗೆ ತಡೆಗೋಡೆ. ಕಾಂಡ್ಲಾ ಇರುವ ಜಾಗ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ಕಾನೂನಲ್ಲಿ ಎಲ್ಲಕ್ಕಿಂತ ಬಿಗಿಯಾದ ವಲಯ, ಯಾರಾದ್ರೂ ಮಣ್ಣು ತುಂಬಿಸಿದ್ರೆ ಫೋಟೋ, ತಾರೀಕು ಸಮೇತ ಬರವಣಿಗೆಯಲ್ಲಿ ದೂರು ಕೊಡಿ, ಬಾಯಿಮಾತಿನ ದೂರಿಗೆ ಕಿಮ್ಮತ್ತಿಲ್ಲ.

ನೀವು ಮಾಡ್ಬೇಕಾದ್ದು ಒಂದೇ. ಮನೆಯ ಒಂದು ಗುರ್ತಿನಿಂದ, ಬಾವಿಕಟ್ಟೆ ಆಗ್ಬಹುದು, ಅಲೆ ಬರುವ ಗೆರೆಗೆ ಎಷ್ಟು ಹೆಜ್ಜೆ ಅಂತ ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಲ್ಲಿ ಬರ್ದಿಡಿ, ಅದೇ ಜಾಗದಿಂದ ಒಂದು ಫೋಟೋ. ಪರಿಹಾರ ಕೇಳುವಾಗ ಏಳು ಮರ ಹೋಯ್ತು ಅಂದ್ರೆ ಆಫೀಸಲ್ಲಿ ಎಲ್ಲಿತ್ತು ಮರ ಅಂತ ಕೇಳ್ತಾರೆ. ನಮ್ಮ ಚಿಕ್ಕಮ್ಮನಿಗೆ ಹಾಗೇ ಆದದ್ದು, ಮರ ಇದ್ದದ್ದಕ್ಕೆ ಸಾಕ್ಷಿ ಅಂತ ಕಡೆಗೆ ಮಗಳ ಮದ್ವೆ ಆಲ್ಬಮ್ಮು ತಕೊಂಡು ಹೋದ್ರು, ಹಿಂದೆ ಮರ ಕಾಣ್ತಿತ್ತು. ಜೋರು ಗಾಳಿಯ ದಿನ ದಯಮಾಡಿ ಅಡಿಗೆಕೋಣೆ ಬದಿಯಲ್ಲಿ ಮಲಗ್ಬೇಡಿ.

ಪ್ರಶ್ನೆ: ನಮ್ಮ ಕಾಲೇಜಿಂದ ಬೀಚ್ ಕ್ಲೀನಿಂಗ್ ಮಾಡ್ತೇವೆ. ಮುಂದಿನ ವಾರ ಅದೇ ಕಸ. ಸುಮ್ನೆ ಸೆಲ್ಫಿಗೆ ಅಂತ ಜನ ನಗ್ತಾರೆ. ಬಿಟ್ಟುಬಿಡುದಾ?
— ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಬಿಡ್ಬೇಡಿ. ಬ್ಯಾನರು ಮಾತ್ರ ಬಿಡಿ, ಪ್ಲಾಸ್ಟಿಕ್ ಹೆಕ್ಕುವ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಕಟ್ಟುದು ಎಂತ ಚಂದ? ನೀರಿಗೆ ಕ್ಯಾನು, ಲೋಟ. ಹೆಕ್ಕಿದ್ದನ್ನು ಎಣಿಸಿ ಬರ್ಕೊಳ್ಳಿ, ಬಾಟ್ಲಿ ಎಷ್ಟು, ಚಪ್ಪಲಿ ಎಷ್ಟು, ಹಗ್ಗ ಎಷ್ಟು, ಯಾವ ಅಂಗಡಿಯ ಹೆಸರಿನ ಕವರು ಎಷ್ಟು. ಆರು ತಿಂಗಳ ಪಟ್ಟಿ ಹಿಡ್ಕೊಂಡು ಪಂಚಾಯತಿಗೋ ಅಂಗಡಿಗೋ ಹೋದ್ರೆ ಯಾರೂ ನಗುದಿಲ್ಲ. ಹೊಯ್ಗೆಯಲ್ಲಿ ಹೂತ ಬಲೆ ಎಳೀಬೇಡಿ, ಕತ್ತಿಯಲ್ಲಿ ಕೊಯ್ದು ತೆಗೀರಿ, ಬಳ್ಳಿ ಕೀಳ್ಬೇಡಿ. ನಿಮ್ಮ ಹತ್ರದ ಪಡು‌ಬಿದ್ರಿಗೆ 2020ರಲ್ಲಿ ಶುಚಿಯಾದ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆಯಲ್ಲ, ಅಲ್ಲಿಗೆ ಹೋಗಿ ಕಸದ ಡಬ್ಬಿ ಎಷ್ಟೆಷ್ಟು ದೂರಕ್ಕೆ ಇಟ್ಟಿದ್ದಾರೆ ಅಂತ ನೋಡಿ ಬನ್ನಿ. ಹೆಕ್ಕುವಾಗ ಸಾಬಕ್ಕಿ ಹಾಗೆ ಬಿಳಿ ಕಾಳು ಸಿಕ್ಕಿದ್ರೆ ಬೇರೆ ತೆಗೆದಿಡಿ, ಅದು ಪ್ಲಾಸ್ಟಿಕ್ ಸಾಮಾನು ಮಾಡ್ಲಿಕ್ಕೆ ಹಡಗಲ್ಲಿ ಬರುವ ಕಚ್ಚಾ ಕಾಳು. 2025ರ ಮೇ 25ಕ್ಕೆ ಕೊಚ್ಚಿ ಹತ್ರ ಎಂಎಸ್‌ಸಿ ಎಲ್ಸಾ 3 ಅನ್ನುವ ಹಡಗು ಮುಳುಗಿದ ಮೇಲೆ ಕೇರಳದ ದಡದಲ್ಲಿ ಅದನ್ನು ಜಾಲರಿಯಲ್ಲಿ ಗಾಳಿಸಿ ತೆಗೆದ್ರು, ಮೀನು ಅದನ್ನು ಮೊಟ್ಟೆ ಅಂತ ನುಂಗ್ತದೆ.

ಪ್ರಶ್ನೆ: ಗುರುಪುರ ಹೊಳೆಯ ಮರ್ವಾಯಿ (ಚಿಪ್ಪಿನ ಜೀವಿ) ತಿನ್ಬಹುದಾ? ಈಗ ಮೊದಲಿನ ರುಚಿ ಇಲ್ಲ.
— ಕೂಳೂರಿನಿಂದ

ಉತ್ತರ: ಮರ್ವಾಯಿ ನೀರನ್ನು ಸೋಸಿ ಸೋಸಿ ಅದರಲ್ಲಿದ್ದದ್ದನ್ನು ತಿಂದು ಬದುಕುದು, ಹೊಳೆಯಲ್ಲಿ ಎಂತ ಉಂಟೋ ಅದರ ಹೊಟ್ಟೆಯಲ್ಲೂ ಅದೇ. ಮೋರಿ ಬಂದು ಸೇರುವ ಜಾಗ, ಕಾರ್ಖಾನೆ ಬದಿ, ಇಲ್ಲಿಂದ ತೆಗೆದದ್ದು ಬೇಡ. ಹೊಳೆಬದಿಯ ಮನೆಯವ್ರು ಶೌಚದ ಗುಂಡಿಯ ಪೈಪನ್ನು ರಾತ್ರಿ ಹೊತ್ತಿಗೆ ಹೊಳೆಗೆ ಬಿಡುದು ಗೊತ್ತುಂಟು ನನಗೆ. ಬೆಳಿಗ್ಗೆ ಅವ್ರೇ ಮರ್ವಾಯಿ ಸುಕ್ಕ ಮಾಡ್ತಾರೆ.

ಪ್ರಶ್ನೆ: ಮೊನ್ನೆ ಮಳೆಗೆ ಬಲೆ ಸುತ್ತಿದ ದೊಡ್ಡ ಆಮೆ ದಡಕ್ಕೆ ಬಂದಿತ್ತು. ಹುಡುಗ್ರು ಬಲೆ ಎಳೆದು ಬಿಡಿಸಿ ವಾಪಸ್ ನೀರಿಗೆ ದೂಡಿದ್ರು. ಸಮ ಮಾಡಿದ್ದಲ್ವಾ?
— ಓದುಗರು, ಸಸಿಹಿತ್ಲು

ಉತ್ತರ: ಮನಸ್ಸು ಒಳ್ಳೇದು, ಕೆಲ್ಸ ಸಮ ಅಲ್ಲ. ಮಳೆಗಾಲದಲ್ಲಿ ದಡಕ್ಕೆ ಬಂದ ಆಮೆ ಈಜಿ ಸಾಕಾಗಿ ಬಂದದ್ದು, ವಾಪಸ್ ದೂಡಿದ್ರೆ ಮುಳುಗಿಯೇ ಸಾಯ್ಬಹುದು, ಅದಕ್ಕೂ ಉಸಿರಾಡ್ಲಿಕ್ಕೆ ಮೇಲೆ ಬರ್ಬೇಕಲ್ಲ. ನೆರಳಲ್ಲಿ ಇಡಿ, ಬೆನ್ನ ಮೇಲೆ ಒದ್ದೆ ಬಟ್ಟೆ, ಮೂಗು ಬಿಟ್ಟು. ಸಡಿಲ ಇದ್ದ ಬಲೆಯನ್ನು ಕತ್ತರಿಸಿ, ಮಾಂಸಕ್ಕೆ ಇಳಿದದ್ದನ್ನು ಎಳೀಬೇಡಿ, ಅರಣ್ಯ ಇಲಾಖೆಗೆ ಫೋನು ಮಾಡಿ ಅವ್ರು ಬರುವವರೆಗೆ ನಾಯಿ ಓಡಿಸ್ತಾ ಕೂತ್ಕೊಳ್ಳಿ. ಕಡಲಾಮೆ ವನ್ಯಜೀವಿ ಕಾನೂನಿನ ಮೊದಲ ಪಟ್ಟಿಯಲ್ಲಿ ಇರುವಂತದ್ದು, ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ. 2024ರ ಶುರುವಿಗೆ ನಿಮ್ಮ ಸಸಿಹಿತ್ಲು, ತಣ್ಣೀರುಬಾವಿ ಬದಿಯಲ್ಲೇ ಅವು ಮೊಟ್ಟೆ ಇಟ್ಟಿದ್ದು ನೆನಪುಂಟಲ್ಲ, ಒಂದೊಂದು ಗುಂಡಿಯಲ್ಲಿ ನೂರರ ಹತ್ತಿರ ಮೊಟ್ಟೆ. ಚಳಿಗಾಲದಲ್ಲಿ ದಡದ ಮನೆಯವ್ರು ಕಡಲಿನ ಬದಿಯ ಲೈಟು ರಾತ್ರಿ ಆರಿಸ್ಬೇಕು, ಮರಿಗಳು ಬೆಳಕು ಕಂಡದ್ದೇ ಕಡಲು ಅಂತ ಅತ್ತ ಹೋಗ್ತವೆ, ಲೈಟು ಇದ್ರೆ ರಸ್ತೆಗೆ.

ಪ್ರಶ್ನೆ: ಅಕ್ಕಾ, ಎಲ್ಲಾ ಓದಿ ಆಯ್ತು. ಮೀನಿನ ತಲೆ, ಕರುಳು, ಪೊಡಸು ಎಲ್ಲಿ ಹಾಕುದು ಅದು ಹೇಳಿ. ಕಸದ ಗಾಡಿಯವ್ರು ಬೈತಾರೆ, ತೋಡಿಗೆ ಹಾಕಿದ್ರೆ ನೀವು ಬೈತೀರಿ.
— ಬೋಳಾರದ ಅಮ್ಮನ ಪಕ್ಕದ ಮನೆಯವಳು

ಉತ್ತರ: ತೆಂಗಿನ ಬುಡಕ್ಕೆ. ಕಾಂಡದಿಂದ ಎರಡು ಮೊಳ ದೂರಕ್ಕೆ ಮೊಣಕಾಲುದ್ದ ಗುಂಡಿ ತೆಗ್ದು, ಮೀನಿನ ಕಸ, ಮೇಲೆ ಒಂದು ಹಿಡಿ ಬೂದಿ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಒಂದು ದೊಡ್ಡ ಕಲ್ಲು. ಕಲ್ಲು ಮರೀಬೇಡಿ, ಇಲ್ಲಾಂದ್ರೆ ನಾಯಿ ರಾತ್ರಿಯೇ ತೆಗ್ದು ಅಮ್ಮನ ಜಗಲಿಗೆ ತಂದು ಹಾಕ್ತದೆ. ತೆಂಗಿನ ಮರ ಇಲ್ಲದಿದ್ರೆ ಬೋಳಾರದ ಅಮ್ಮನ ಹಿತ್ತಿಲಲ್ಲಿ ಇರ್ಬೇಕು, ಕೇಳಿ ನೋಡಿ.